ಚೆಂಡು ಹಿಡಿದವರ ಹೊಟ್ಟೆಪಾಡು

ಸಂಜೆ ನಾನು ಆಟ ಹೇಳಿಕೊಡುವ ಕೋರ್ಟಿಗೆ ಹೊಸದಾಗಿ ಸೇರಿದ ಹುಡುಗರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ಸಾರ್, ನೀವು ಯಾವ್ಯಾವ ಟೀಮಿಗೆ ಆಡಿದ್ದೀರಿ?" ಮೊಬೈಲಿನಲ್ಲಿ ಎನ್‌ಬಿಎ ನೋಡಿ ಬೆಳೆದವರು. ಬುಲ್ಸ್, ಲೇಕರ್ಸ್ ತರಹದ ಹೆಸರು ಕಿವಿಗೆ ಬೀಳಲಿ ಅಂತ ಕಾಯುತ್ತಾರೆ. ನನ್ನ ಪಟ್ಟಿಯಲ್ಲಿರುವುದು ಸ್ಟೈಪೆಂಡ್ ಕೊಟ್ಟ ಒಂದು ಕಚೇರಿ, ಒಂದು ಕಾರ್ಖಾನೆ, ಒಂದು ಬ್ಯಾಂಕು, ಜೊತೆಗೆ ರಜೆ ಹಾಕಿ ಹೋಗಿ ಬೇರೆಯವರ ಬನಿಯನ್ ತೊಟ್ಟು ಆಡಿಬಂದ ತಮಿಳುನಾಡಿನ ನಾಲ್ಕಾರು ಊರು. ಕೇಳಿ ಮುಸಿಮುಸಿ ನಗುತ್ತಾರೆ. ಅಮೆರಿಕದಲ್ಲಿ ತಂಡದಿಂದ ತಂಡಕ್ಕೆ ಅಲೆಯುವ ಆಟಗಾರನಿಗೂ ಒಬ್ಬ ಏಜೆಂಟ್ ಇರುತ್ತಾನೆ, ಹತ್ತು ದಿನದ್ದಾದರೂ ಒಂದು ಕರಾರು ಇರುತ್ತದೆ. ನನಗಿದ್ದದ್ದು ಅಪಾಯಿಂಟ್‌ಮೆಂಟ್ ಆರ್ಡರು, ಪ್ರೊಬೇಷನ್ನು, ಪಿ.ಎಫ್. ನಂಬರು. ಚೆಂಡಾಡಿಯೇ ಸಂಬಳ ತೆಗೆದುಕೊಂಡೆ. ಸಂಬಳದ ಚೀಟಿಯಲ್ಲಿ ಮಾತ್ರ ಮೊದಲು ಹೆಲ್ಪರ್, ಆಮೇಲೆ ಕ್ಲರ್ಕ್.

ಕೆ.ಜಿ.ಎಫ್., ಬಂಗಾರಪೇಟೆ ಸೀಮೆಯ ಆಟಗಾರರ ಚರಿತ್ರೆ ಬರೆಯಹೊರಟವರು ಕಪ್ಪು, ಪದಕ ಎಣಿಸುತ್ತ ಕೂತರೆ ಕೈಗೆ ಹೆಚ್ಚೇನೂ ಸಿಕ್ಕುವುದಿಲ್ಲ. ಯಾವ ಕಾಲಕ್ಕೆ ಯಾರು ನೌಕರಿ ಕೊಡುತ್ತಿದ್ದರು ಅನ್ನುವ ದಾರ ಹಿಡಿದು ಹೋಗಬೇಕು. ಆಟ ಬದಲಾಗಿದ್ದು ಕಡಿಮೆ, ಸಂಬಳ ಕೊಡುವ ಧಣಿ ಬದಲಾಗಿದ್ದೇ ಹೆಚ್ಚು.

ಈ ಸೀಮೆಯೇ ಕೂಲಿಗೆ ಬಂದವರು ಕಟ್ಟಿದ್ದು. ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ ಎಂಬ ಐರಿಷ್ ಸಿಪಾಯಿ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಚಿನ್ನ ತೋಡುವ ಪರವಾನಗಿ ಪಡೆದ. ಬಂಡವಾಳ ಸಾಲದೆ ಬೇರೆಯವರಿಗೆ ದಾಟಿಸಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಜನ ಬಂದರು, ಬರುತ್ತಲೇ ಹೋದರು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಕೂಲಿಗಳು, ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿ ಬಲ್ಲವರು, ಇಟಲಿಯವರು, ಕಾವಲಿಗೆ ಪಂಜಾಬಿನವರು. ಆಗ ಬೌರಿಂಗ್‌ಪೇಟೆ ಅನ್ನಿಸಿಕೊಂಡಿದ್ದ ನಮ್ಮ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ 1894ರಲ್ಲಿ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ಕರೆಂಟು ತಂದರು. ಬೆಂಗಳೂರಿನ ಬೀದಿಗೆ ಕರೆಂಟು ದೀಪ ಬರಲು ಇನ್ನೂ ಮೂರು ವರ್ಷ ಬೇಕಿತ್ತು. ಕೆ.ಜಿ.ಎಫ್. ಜನ ಇವತ್ತಿಗೂ ಬೆಂಗಳೂರಿನವರ ಮುಂದೆ ಈ ಒಂದು ಮಾತು ಎತ್ತದೆ ಬಿಡುವುದಿಲ್ಲ.

ಸಾಹೇಬರಿಗೆ 1885ರಲ್ಲೇ ಕ್ಲಬ್ಬು ಬಂದಿತ್ತು. ಗಾಲ್ಫ್, ಟೆನಿಸ್, ಬಿಲಿಯರ್ಡ್ಸ್ ಅಲ್ಲಿ. ಆಂಗ್ಲೋ ಇಂಡಿಯನ್ ಮನೆಗಳ ಹುಡುಗರದು ಹಾಕಿ, ಬಾಕ್ಸಿಂಗು. ಲೈನುಗಳಲ್ಲಿ, ಅಂದರೆ ಕಾರ್ಮಿಕರ ಮನೆಗಳ ಆ ತಗ್ಗು ಸಾಲುಗಳಲ್ಲಿ, ಫುಟ್‌ಬಾಲು. ಚೆನ್ನಾಗಿ ಚೆಂಡೊದೆಯುವವನಿಗೆ ಮೇಲಿನ ಕೆಲಸ ಸಿಗುತ್ತದೆ ಅನ್ನುವ ನಂಬಿಕೆ ನನ್ನ ಹಿರಿಯರ ಬಾಯಲ್ಲಿ ಗಟ್ಟಿಯಾಗಿತ್ತು. ನಂಬಿಕೆ ಅಂತ ಬೇಕೆಂದೇ ಬರೆದೆ, ಸಿಕ್ಕದವರ ಕಥೆಯನ್ನು ಯಾರೂ ಹೇಳುವುದಿಲ್ಲವಲ್ಲ. ಮೇಲಿನ ಕೆಲಸ ಅಂದರೆ ದೊಡ್ಡ ಹುದ್ದೆಯಲ್ಲ. ನೆಲದ ಮೇಲಿನ ಕೆಲಸ, ಬಿಸಿಲು ಕಾಣುವ ಕೆಲಸ, ಅಷ್ಟೆ. ವರ್ಕ್‌ಶಾಪು, ಸ್ಟೋರು, ಟೈಮ್ ಆಫೀಸು. ಚಾಂಪಿಯನ್ ರೀಫ್ ಗಣಿ ಕೊನೆಗೆ ಸುಮಾರು 3,200 ಮೀಟರು ಆಳಕ್ಕೆ ಇಳಿಯಿತು. ಅಷ್ಟು ಕೆಳಗೆ ಬಂಡೆಯೇ ಸುಡುತ್ತದೆ. ಕಲ್ಲುಧೂಳು ಎದೆಗೆ ಕೂತರೆ ಸಿಲಿಕೋಸಿಸ್. ಹಾಗಿರುವಾಗ ಒಂದು ಗೋಲು ಹೊಡೆದದ್ದಕ್ಕೆ ಶಾಫ್ಟಿಗೆ ಇಳಿಯುವುದು ತಪ್ಪುತ್ತದೆ ಅಂದರೆ ಅದಕ್ಕಿಂತ ದೊಡ್ಡ ಕಪ್ಪು ಯಾವುದು?

ನಾನು ಗಣಿಯವನಲ್ಲ, ರೈಲಿನವನು. ಅಪ್ಪ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್, ನಾವಿದ್ದದ್ದು ರೈಲ್ವೆ ಕ್ವಾರ್ಟರ್ಸು. ಶಾಲೆಗೆ ಮಾರಿಕುಪ್ಪಂ ಗಾಡಿ ಹತ್ತಿ ಕೆ.ಜಿ.ಎಫ್.ಗೆ ಹೋಗುತ್ತಿದ್ದೆ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಹದಿನಾರು ಕಿಲೋಮೀಟರಿನ ದಾರಿ. ಬೋಗಿಯೊಳಗೆ ಒಂದು ಕೊನೆಯಲ್ಲಿ ತಮಿಳು, ಇನ್ನೊಂದು ಕೊನೆಯಲ್ಲಿ ತೆಲುಗು, ನಡುವೆ ನಾವು ಕನ್ನಡದವರು, ಎಲ್ಲರಿಗೂ ಎಲ್ಲ ಅರ್ಥವಾಗುತ್ತಿತ್ತು.

ಬಾಸ್ಕೆಟ್‌ಬಾಲು ಇಲ್ಲಿಗೆ ಕಂಪನಿಯ ಬಾಗಿಲಿಂದ ಬಂದದ್ದಲ್ಲ, ಮೇಷ್ಟ್ರ ಕೈಚೀಲದಲ್ಲಿ ಬಂದದ್ದು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ವೈ.ಎಂ.ಸಿ.ಎ. ಶಾಲೆಯ ಜೇಮ್ಸ್ ನೈಸ್ಮಿತ್ ಚಳಿಗಾಲಕ್ಕೆಂದು ಹುಟ್ಟುಹಾಕಿದ ಆಟ. ಅದೇ ವೈ.ಎಂ.ಸಿ.ಎ.ಯ ಹ್ಯಾರಿ ಬಕ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ತೆರೆದರು. ಅಲ್ಲಿ ಕಲಿತ ಪಿ.ಟಿ. ಮೇಷ್ಟ್ರುಗಳು ದಕ್ಷಿಣದ ಶಾಲೆಗಳಿಗೆಲ್ಲ ಹರಡಿಕೊಂಡರು. 1934ರಲ್ಲಿ ದೆಹಲಿಯಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ, 1950ರಲ್ಲಿ ದೇಶಕ್ಕೊಂದು ಫೆಡರೇಷನ್ನು. ಕೆ.ಜಿ.ಎಫ್.ನಂಥ ಕಡೆ ಈ ಆಟಕ್ಕೆ ಒಂದು ದೊಡ್ಡ ಅನುಕೂಲವಿತ್ತು: ಜಾಗ ಬೇಡ. ಫುಟ್‌ಬಾಲಿಗೆ ಮೈದಾನ ಬೇಕು, ಮೈದಾನ ಕಂಪನಿಯದು. ಇದಕ್ಕೆ ಶಾಲೆಯ ಹಿತ್ತಲು ಸಾಕು.

ನಮ್ಮ ಕೋರ್ಟು ಮಣ್ಣಿನದು. ಗೆರೆ ಸುಣ್ಣದ್ದು. ಕಂಬ ಗುಜರಿಯ ಕಬ್ಬಿಣದ ಪೈಪು, ಬೋರ್ಡು ಹಲಗೆ, ಮಳೆಗೆ ಉಬ್ಬಿ ಎಡಗಡೆ ಸ್ವಲ್ಪ ಮುಂದಕ್ಕೆ ಬಾಗಿತ್ತು. ಎಡಗಡೆಯಿಂದ ಬೋರ್ಡಿಗೆ ಬಡಿದು ಹಾಕಿದರೆ ಚೆಂಡು ಒಳಗೆ ಬೀಳುವುದು ಖಾತ್ರಿ, ನಾವೆಲ್ಲ ಎಡಗಡೆಯವರೇ ಆಗಿದ್ದೆವು. ಹೊರ ಊರಿನ ಟೀಮು ಬಂದರೆ ಮೊದಲರ್ಧ ಅವರಿಗೆ ಇದು ತಿಳಿಯುವಷ್ಟರಲ್ಲಿ ಮುಗಿದಿರುತ್ತಿತ್ತು. ಬೇಸಿಗೆಯಲ್ಲಿ ಗಾಳಿ ಎದ್ದರೆ ಸೈನೈಡ್ ಗುಡ್ಡದ ಬೂದುಪುಡಿ ಬಂದು ಕೋರ್ಟಿನ ಮೇಲೆ ಕೂರುತ್ತಿತ್ತು. ಚಿನ್ನ ತೆಗೆದು ಬಿಸಾಡಿದ ಕಲ್ಲಿನ ಹಿಟ್ಟು ಅದು, ಗೋಧಿಹಿಟ್ಟಿಗಿಂತ ನುಣುಪು. ಚೆಂಡು ಕೈಯಲ್ಲಿ ನಿಲ್ಲದು. ಒದ್ದೆ ಗೋಣಿಚೀಲ ಒಂದನ್ನು ಕಂಬದ ಬುಡದಲ್ಲಿ ಇಟ್ಟಿರುತ್ತಿದ್ದೆವು, ಪ್ರತಿ ಬಾಸ್ಕೆಟ್ಟಿಗೊಮ್ಮೆ ಚೆಂಡನ್ನೂ ಅಂಗೈಯನ್ನೂ ಅದಕ್ಕೆ ಉಜ್ಜಿ ಮತ್ತೆ ಆಟ. ನನ್ನ ಡ್ರಿಬಲ್ ನೆಲಕ್ಕೆ ಅಂಟಿದ ಹಾಗೆ ತಗ್ಗಿರುತ್ತೆ ಅಂತ ಮುಂದೆ ಬೆಂಗಳೂರಿನ ಕೋಚುಗಳು ಹೊಗಳುತ್ತಿದ್ದರು. ಪುಡಿಯಲ್ಲಿ ಎತ್ತರಕ್ಕೆ ಡ್ರಿಬಲ್ ಮಾಡಿದರೆ ಚೆಂಡು ವಾಪಸು ಬರುತ್ತಿರಲಿಲ್ಲ, ಅದಕ್ಕೆ.

ಅಲ್ಲಿ ಆಟ ನಿಲ್ಲಿಸುವ ಇನ್ನೊಂದಿತ್ತು. ಗಣಿಯ ಆಳದಲ್ಲಿ ಬಂಡೆ ಸಿಡಿಯುವುದಕ್ಕೆ ಕೆ.ಜಿ.ಎಫ್.ನಲ್ಲಿ ಏರ್‌ಬ್ಲಾಸ್ಟ್ ಅನ್ನುತ್ತಾರೆ. ಸಿಡಿದಾಗ ಅಂಗಾಲಿಗೆ ಮೊದಲು ತಿಳಿಯುತ್ತಿತ್ತು, ಆಮೇಲೆ ರಿಂಗು ಝಣ್ ಅನ್ನುತ್ತಿತ್ತು. ಯಾರೂ ಸೀಟಿ ಊದಬೇಕಿರಲಿಲ್ಲ. ಚೆಂಡು ಹಿಡಿದವನು ಹಿಡಿದ ಹಾಗೇ ನಿಂತುಬಿಡುತ್ತಿದ್ದ. "ನಿಮ್ಮಪ್ಪ ಯಾವ ಶಿಫ್ಟೋ?" "ಮಧ್ಯಾಹ್ನದ್ದು." "ನಮ್ಮದು ರಾತ್ರಿ ಶಿಫ್ಟು, ಮನೇಲವ್ರೆ." ಮಧ್ಯಾಹ್ನದ ಶಿಫ್ಟಿನವರ ಮಕ್ಕಳು ಚಪ್ಪಲಿ ಸಿಕ್ಕಿಸಿಕೊಂಡು ಶಾಫ್ಟಿನ ಕಡೆ ಓಡುತ್ತಿದ್ದರು. ಮಿಕ್ಕವರು ಮೂರು ಮೂರು ಜನ ಆಗಿ ಆಡುತ್ತಿದ್ದೆವು. ಈಗ ಬರೆಯುವಾಗ ಇದು ಕ್ರೂರ ಅನ್ನಿಸುತ್ತದೆ. ಆಗ ಹಾಗನ್ನಿಸಿರಲಿಲ್ಲ, ಏಕೆಂದರೆ ಬಹಳ ಸಲ ಏನೂ ಆಗಿರುತ್ತಿರಲಿಲ್ಲ.

ನೌಕರಿಯ ವಿಷಯಕ್ಕೆ ಬರುತ್ತೇನೆ. ಗಣಿಗಳು 1956ರಲ್ಲಿ ಮೈಸೂರು ರಾಜ್ಯದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಅಷ್ಟರಲ್ಲಿ ಚಿನ್ನ ತೆಳುವಾಗುತ್ತಿತ್ತು, ಹೊಸಬರಿಗೆ ಬಾಗಿಲು ಕಿರಿದಾಗುತ್ತಿತ್ತು. ಆದರೆ ಗಾಡಿಯ ಇನ್ನೊಂದು ತುದಿಯಲ್ಲಿ ಬೆಂಗಳೂರು ಬೆಳೆದು ನಿಂತಿತ್ತು: ಎಚ್.ಎ.ಎಲ್. 1940ರದು, ಐ.ಟಿ.ಐ. 1948ರದು, ಎಚ್.ಎಂ.ಟಿ. 1953, ಬಿ.ಇ.ಎಲ್. 1954, ಬಿ.ಇ.ಎಂ.ಎಲ್. 1964. ಪ್ರತಿ ಕಾರ್ಖಾನೆಗೂ ಕಾಲೋನಿ, ಆಸ್ಪತ್ರೆ, ಮೈದಾನ, ಟೀಮು. ಐ.ಟಿ.ಐ.ಯವರು ಸಾವಿರಗಟ್ಟಲೆ ಟೆಲಿಫೋನು ಮಾಡುತ್ತಿದ್ದರು, ಜೊತೆಗೆ ಫುಟ್‌ಬಾಲೂ ಆಡುತ್ತಿದ್ದರು. 1977ರಲ್ಲಿ ಮೊದಲ ಫೆಡರೇಷನ್ ಕಪ್ಪಿನ ಫೈನಲ್ಲಿನಲ್ಲಿ ಮೋಹನ್ ಬಗಾನನ್ನು ಒಂದು ಗೋಲಿನಿಂದ ಸೋಲಿಸಿದ್ದು ಈ ಕಾರ್ಖಾನೆ ನೌಕರರೇ.

ಆ ದಾರಿಯಲ್ಲಿ ನಮಗಿಂತ ಮುಂಚೆ ಹೋದ ದೊಡ್ಡ ಹೆಸರು ಕೆನ್ನೆತ್ ಪಾವೆಲ್. 1940ರಲ್ಲಿ ಕೋಲಾರದ ಚಿನ್ನದ ನೆಲದಲ್ಲಿ ಹುಟ್ಟಿದ ಹುಡುಗ. ಹತ್ತೊಂಬತ್ತರ ಹರೆಯದಲ್ಲಿ ಐ.ಟಿ.ಐ. ಸೇರಿದ ಮೇಲೆ ಓಟವನ್ನು ಗಂಭೀರವಾಗಿ ಹಿಡಿದ. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಓಡಿದ. 4×100 ರಿಲೇ ತಂಡ ಸೆಮಿಫೈನಲ್ ಮುಟ್ಟಿತು. 1965ರಲ್ಲಿ ಅರ್ಜುನ ಪ್ರಶಸ್ತಿ, 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ಕಂಚು. 2022ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ನಮ್ಮ ಕಾಲದ ಅಪ್ಪಂದಿರಿಗೆ ಪಾವೆಲ್ ಎಷ್ಟು ಸೆಕೆಂಡಿನಲ್ಲಿ ಓಡಿದರು ಅನ್ನುವುದು ಬೇಕಿರಲಿಲ್ಲ. ಓಡಿದ್ದರಿಂದ ಕೆಲಸದಲ್ಲಿ ಉಳಿದರು, ಅಷ್ಟು ಸಾಕಾಗಿತ್ತು. ನನ್ನ ಅಪ್ಪ ಒಮ್ಮೆಯೂ ನನ್ನ ಆಟ ನೋಡಲು ಬಂದವರಲ್ಲ. ಸ್ಟೇಷನ್ ಮಾಸ್ಟರ ಹತ್ತಿರ ಮಾತ್ರ "ಚೆಂಡಿಗೆ ಕೆಲಸ ಕೊಡ್ತಾರಂತಲ್ಲ ಸಾಮಿ, ಯಾವ ಆಫೀಸಿನವರು ಕೊಡ್ತಾರೆ?" ಅಂತ ಕೇಳುತ್ತಿದ್ದರು. ರೈಲ್ವೆಯಲ್ಲಿ ಆ ಪದ್ಧತಿ ಹಳೆಯದು, ಅದರ ಕ್ರೀಡಾ ಮಂಡಳಿ 1928ರದು.

ಮೊದಲು ಸಿಕ್ಕಿದ್ದು ಸ್ಟೈಪೆಂಡು. ಅಂದರೆ ನೌಕರಿಯಲ್ಲ, ನೌಕರಿಯ ಆಸೆ. ತಿಂಗಳಿಗಿಷ್ಟು ಅಂತ ಕೊಡುತ್ತಾರೆ, ಅವರ ಟೀಮಿಗೆ ಆಡಬೇಕು, ಖಾಲಿ ಹುದ್ದೆ ಬಂದಾಗ ನೋಡೋಣ ಅನ್ನುತ್ತಾರೆ. ಎರಡು ಸೀಸನ್ ಹೀಗೆ ಕಳೆದು ಅವರು ನೋಡಲೇ ಇಲ್ಲ. ಆಮೇಲೆ ಒಂದು ಕಾರ್ಖಾನೆಯ ಟ್ರಯಲ್ಸು. ಐದಡಿ ಒಂಬತ್ತಿಂಚಿನ ಗಾರ್ಡುಗಳಿಗೆ ಬೆಂಗಳೂರಿನಲ್ಲಿ ಬರ ಇರಲಿಲ್ಲ. ಬೀಗಲ್ಸ್, ಯಂಗ್ ಓರಿಯನ್ಸ್‌ನಂಥ ಕ್ಲಬ್ಬುಗಳ ಹುಡುಗರು ಸಿಮೆಂಟು ಕೋರ್ಟಿನಲ್ಲಿ ಒಳ್ಳೆ ಬೂಟು ಹಾಕಿ ಬೆಳೆದವರು, ನನ್ನದು ಕ್ಯಾನ್ವಾಸು. ಆಡುತ್ತಿರುವಾಗ ಬಲಗಾಲಿನ ಅಟ್ಟೆ ಬಿಚ್ಚಿಕೊಂಡಿತು. ತೆಗೆದು ಬದಿಗಿಟ್ಟು ಬರಿಗಾಲಲ್ಲೇ ಮುಗಿಸಿದೆ. ಪರ್ಸನಲ್ ವಿಭಾಗದ ಅಧಿಕಾರಿಯೊಬ್ಬರು ಮೇಜಿನ ಹಿಂದಿನಿಂದ ಕೇಳಿದ್ದು ಆಟದ ಮಾತಲ್ಲ: "ಏನಪ್ಪಾ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತಂದಿದ್ದೀಯಾ?" ತಂದಿದ್ದೆ. ತರದ ಒಬ್ಬ ಸೆಂಟರು, ನನಗಿಂತ ಅರ್ಧಡಿ ಎತ್ತರ, ಹತ್ತುಪಟ್ಟು ಆಟಗಾರ, ಊರಿಗಾಂನವನು, ಮನೆಗೆ ಹೋಗಿ ತರುತ್ತೇನೆ ಅಂತ ಹೋದವನು ಗಾಡಿ ತಪ್ಪಿ ಮರುದಿನ ಬಂದ. ಪಟ್ಟಿ ಹೋಗಿಯಾಗಿತ್ತು. ಅವನು ಗಣಿಯ ವರ್ಕ್‌ಶಾಪಿಗೆ ಸೇರಿದ.

ಆರ್ಡರು ಬಂದದ್ದು 1980ರಲ್ಲಿ. ಆ ವರ್ಷ ಭಾರತದ ಬಾಸ್ಕೆಟ್‌ಬಾಲ್ ತಂಡ ಮಾಸ್ಕೋ ಒಲಿಂಪಿಕ್ಸಿಗೂ ಹೋಗಿತ್ತು. ಎಷ್ಟೋ ದೇಶಗಳು ಬಹಿಷ್ಕಾರ ಹಾಕಿದ್ದರಿಂದ ಸಿಕ್ಕಿದ ಅವಕಾಶ, ಆಡಿದ್ದೆಲ್ಲ ಸೋಲು, ಹನ್ನೆರಡರಲ್ಲಿ ಹನ್ನೆರಡನೆಯ ಸ್ಥಾನ. ಅದಾದ ಮೇಲೆ ಇವತ್ತಿನವರೆಗೂ ನಮ್ಮವರು ಒಲಿಂಪಿಕ್ಸಿನ ಕೋರ್ಟು ಮೆಟ್ಟಿಲ್ಲ. ನಾನು ಆ ತಂಡದ ಹತ್ತಿರಕ್ಕೂ ಹೋಗುವವನಲ್ಲ. ಆದರೆ ಅದೇ ಡಿಸೆಂಬರಿನ ಕೊನೆಗೆ ಬೆಂಗಳೂರಿನ ಸಾರ್ವಜನಿಕ ಕಾರ್ಖಾನೆಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಮಾರ್ಚಿನವರೆಗೆ, ಎರಡೂವರೆ ತಿಂಗಳು. ಆಟಗಾರರು ಯಾವ ಕಡೆ? ಮೈದಾನದಲ್ಲಿ ನಮ್ಮನ್ನು ಸಾಹೇಬರ ಮುದ್ದಿನವರು ಅನ್ನುತ್ತಿದ್ದ ಸಹೋದ್ಯೋಗಿಗಳೇ ಗೇಟಿನ ಮುಂದೆ "ಬಾರಪ್ಪ, ನಿನ್ನ ಪಿ.ಎಫ್.ಊ ಇದರಲ್ಲೇ ಇದೆ" ಅಂದರು. ಹೋಗಿ ನಿಂತೆ. ಸಂಬಳವಿಲ್ಲದ ಆ ತಿಂಗಳುಗಳಲ್ಲಿ ಬಂಗಾರಪೇಟೆಯಲ್ಲಿ ಅಪ್ಪನ ಸಂಬಳದಲ್ಲಿ ಉಂಡೆ. ಅಭ್ಯಾಸ ಮಾತ್ರ ಒಂದು ದಿನವೂ ಬಿಡಲಿಲ್ಲ, ಬೇರೆ ಕೆಲಸ ಇರಲಿಲ್ಲವಲ್ಲ.

ಕಾರ್ಖಾನೆ ಆಟಗಾರನ ದಿನ ಹೀಗಿರುತ್ತಿತ್ತು. ಬೆಳಗಿನ ಶಿಫ್ಟು, ಅಂದರೆ ಕತ್ತಲಲ್ಲೇ ಬಂಗಾರಪೇಟೆಯಲ್ಲಿ ಗಾಡಿ ಹತ್ತಬೇಕು. ಟೇಕಲ್, ಮಾಲೂರು, ವೈಟ್‌ಫೀಲ್ಡು. ಕೆ.ಜಿ.ಎಫ್.ನಿಂದಲೇ ಹತ್ತಿದವರು ಕಿಟಕಿ ಪಕ್ಕದ ಸೀಟಲ್ಲಿ ನಿದ್ದೆ ಹೋಗಿರುತ್ತಾರೆ. ಮಾಲೂರು ದಾಟಿದ ಮೇಲೆ ಇಸ್ಪೀಟು ಶುರು, ಟವೆಲ್ಲನ್ನು ನಾಲ್ಕು ಮೊಣಕಾಲಿನ ಮೇಲೆ ಹರವಿ. ಸೀಸನ್ನಿನಲ್ಲಿ ಮಧ್ಯಾಹ್ನದ ಮೇಲೆ ಕೆಲಸದಿಂದ ಬಿಡುಗಡೆ, ಸಂಜೆವರೆಗೆ ಅಭ್ಯಾಸ, ರಾತ್ರಿ ಗಾಡಿಗೆ ವಾಪಸು. ಬೆಂಗಳೂರಿನಲ್ಲೇ ರೂಮು ಮಾಡು ಅಂತ ಎಲ್ಲರೂ ಹೇಳಿದರು. ಬಾಡಿಗೆ ಕೊಟ್ಟರೆ ಮನೆಗೆ ಏನು ಕೊಡಲಿ? ವೃತ್ತಿಪರ ಆಟಗಾರ ಹೊಟ್ಟೆಗೆ ಏನು ತಿನ್ನಬೇಕು, ಎಷ್ಟು ಹೊತ್ತು ಮಲಗಬೇಕು ಅಂತ ಈಗ ನಾನೇ ಹುಡುಗರಿಗೆ ಪಾಠ ಹೇಳುತ್ತೇನೆ. ಆಗ ರಾತ್ರಿ ಬಂಗಾರಪೇಟೆಯಲ್ಲಿ ಇಳಿದು, ಆ ನೀರಿನ ಬಣ್ಣವಿಲ್ಲದ ಪಾನಿಪುರಿ ಎರಡು ಪ್ಲೇಟು ಹಾಕಿಕೊಂಡು ಮನೆಗೆ ಹೋಗುವುದೇ ನನ್ನ ಆಹಾರ ಪದ್ಧತಿ. ನಮ್ಮೂರಿನ ಪಾನಿಪುರಿ ಇವತ್ತು ಬೆಂಗಳೂರಿನಲ್ಲಿ ಬೋರ್ಡು ಹಾಕಿಕೊಂಡು ಮಾರಾಟವಾಗುತ್ತದೆ. ಆಟಗಾರರು ಅಷ್ಟು ಹೆಸರು ಮಾಡಲಿಲ್ಲ.

ಬೇಸಿಗೆ ಬಂದರೆ ನಿಜವಾದ ಅಲೆದಾಟ. ತಮಿಳುನಾಡಿನಲ್ಲಿ ಬಾಸ್ಕೆಟ್‌ಬಾಲಿಗೆ ಊರೂರಲ್ಲಿ ಹಬ್ಬ. ಕೊಯಮತ್ತೂರಿನಲ್ಲಿ ನಾಚಿಮುತ್ತು ಗೌಂಡರ್ ಕಪ್ಪು, ಪೆರಿಯಕುಲಂನಲ್ಲಿ ಸಿಲ್ವರ್ ಜ್ಯೂಬಿಲಿ ಕ್ಲಬ್ಬಿನದು. ಪೆರಿಯಕುಲಂ ಮಾವಿನ ತೋಪುಗಳ ಸಣ್ಣ ಊರು. ರಾತ್ರಿ ದೀಪ ಹಾಕಿ ಆಡಿಸುತ್ತಾರೆ, ಹೆಂಗಸರು ಮಕ್ಕಳು ಎಲ್ಲರೂ ಬಂದು ಕೂರುತ್ತಾರೆ, ಮಧುರೆಯಲ್ಲಿ ಜಾತ್ರೆಗೆ ಹೋದವರ ಹಾಗೆ ತಿಂಡಿ ಕಟ್ಟಿಕೊಂಡು. ಬ್ಯಾಂಕು, ರೈಲ್ವೆ, ಸೈನ್ಯದ ತಂಡಗಳು ದೇಶದ ಮೂಲೆಮೂಲೆಯಿಂದ ಬರುತ್ತವೆ. ತಂಡಕ್ಕೆ ಜನ ಕಡಿಮೆ ಬಿದ್ದ ಕ್ಲಬ್ಬುಗಳು ನನ್ನಂಥವರನ್ನು ಕರೆಸಿಕೊಳ್ಳುತ್ತಿದ್ದವು. ದಾರಿ ಖರ್ಚು, ಊಟ, ಯಾವುದಾದರೂ ಶಾಲೆಯ ಕೋಣೆಯಲ್ಲಿ ಚಾಪೆ, ಗೆದ್ದರೆ ಹಂಚಿಕೊಳ್ಳಲು ಒಂದಿಷ್ಟು. ಕೆ.ಜಿ.ಎಫ್. ಗಾಡಿಯಲ್ಲಿ ಕಲಿತ ತಮಿಳು ನನಗೆ ಅಲ್ಲಿ ಅನ್ನ ಹಾಕಿತು. ಬೆಂಗಳೂರಿನ ಎಷ್ಟೋ ಚೆನ್ನಾದ ಆಟಗಾರರಿಗೆ ಮ್ಯಾನೇಜರ ಜೊತೆ ದುಡ್ಡಿನ ಮಾತಾಡಲು ಭಾಷೆ ಬರುತ್ತಿರಲಿಲ್ಲ. "ಅಣ್ಣಾ, ಮುಂಚೇನೇ ಮಾತಾಡಿಬಿಡಣ್ಣಾ" ಅಂತ ನನ್ನನ್ನೇ ಮುಂದೆ ತಳ್ಳುತ್ತಿದ್ದರು.

1984ರಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ಮೂರು ಪಾಯಿಂಟಿನ ಗೆರೆ ಬಂತು, ಬುಟ್ಟಿಯಿಂದ 6.25 ಮೀಟರು. ಗಿಡ್ಡ ಆಟಗಾರರಿಗೆ ದೇವರು ಕೊಟ್ಟ ವರ. ನಮ್ಮ ಕೋರ್ಟುಗಳಲ್ಲಿ ಆ ಗೆರೆ ಎಳೆಯುವುದಕ್ಕೇ ಇನ್ನೂ ಸಮಯ ಹಿಡಿಯಿತು. ಆದರೆ ಮೂಲೆಯಿಂದ ಹೊಡೆಯುವ ನನ್ನ ಬೆಲೆ ಏರಿತು, ಬ್ಯಾಂಕೊಂದು ಕರೆಯಿತು. ಕಾರ್ಖಾನೆಯ ಕಾಯಂ ಕೆಲಸ ಬಿಟ್ಟು ಹೋಗುವುದೆಂದರೆ ಸೀನಿಯಾರಿಟಿ ಸೊನ್ನೆಯಿಂದ ಶುರು. ಹಳೆಯ ತಂಡದ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲದಿದ್ದರೆ ಆ ಸೀಸನ್ ಕೂರಬೇಕು. ಅವರು ಪತ್ರ ಕೊಡಲು ಸತಾಯಿಸಿದರು, ನಾನು ಒಂದು ಸೀಸನ್ ಕೂತೆ. ಅಮೆರಿಕದಲ್ಲಿ ಆಟಗಾರನನ್ನು ತಂಡಗಳು ಅದಲುಬದಲು ಮಾಡುತ್ತವೆ, ಅವನ ಒಪ್ಪಿಗೆ ಕೇಳದೆಯೂ. ಇಲ್ಲಿ ಆಟಗಾರ ತಾನಾಗಿ ಹೊರಟರೂ ಬಿಡುವುದಿಲ್ಲ. ಎರಡರಲ್ಲಿ ಯಾವುದು ಕೆಟ್ಟದ್ದು ಅಂತ ಕೇಳಿದರೆ ನಮ್ಮದೇ ಅಂತೀನಿ; ಅಲ್ಲಿ ಹೊಸ ಊರಲ್ಲಾದರೂ ಆಡಬಹುದು.

ಬ್ಯಾಂಕಿನಲ್ಲಿ ಮೊಣಕಾಲು ಹೋಯಿತು. ಒಂದು ರಿಬೌಂಡಿಗೆ ಹಾರಿ ಇನ್ನೊಬ್ಬನ ಪಾದದ ಮೇಲೆ ಇಳಿದೆ, ಅಷ್ಟೆ. ಆಟ ಇದ್ದಾಗ ಮಧ್ಯಾಹ್ನಕ್ಕೆ ಬಿಡುತ್ತಿದ್ದವರು ಈಗ ಡೆಸ್ಪಾಚಿಗೆ ಹಾಕಿದರು. ಅಂಚೆಗೆ ಚೀಟಿ ಅಂಟಿಸುವ ಕೆಲಸ. ಬಡ್ತಿ ಪರೀಕ್ಷೆಗೆ ಓದಿದವರೆಲ್ಲ ಮುಂದೆ ಹೋಗಿದ್ದರು, ನಾವು ಆ ವರ್ಷಗಳಲ್ಲಿ ಕೊಯಮತ್ತೂರಿನಲ್ಲಿದ್ದೆವು. ಆದರೂ ಒಂದನ್ನು ಹೇಳಬೇಕು, ಸಂಬಳ ನಿಲ್ಲಲಿಲ್ಲ. ಅರವತ್ತಕ್ಕೆ ನಿವೃತ್ತಿ, ಪಿಂಚಣಿ. ಆಟದ ಹೆಸರಿನಲ್ಲಿ ಸಿಕ್ಕಿದ ಕುರ್ಚಿಯಿಂದ ಆಟ ಹೋದ ಮೇಲೂ ಎಬ್ಬಿಸಲಿಲ್ಲ.

ಇದಕ್ಕೆ ಎದುರಾಗಿ ನಿಜವಾದ ವೃತ್ತಿಪರನೊಬ್ಬನ ಉದಾಹರಣೆ ಬೇಕಾದರೆ ಫುಟ್‌ಬಾಲಿಗೇ ಹೋಗಬೇಕು. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ 1971ರಲ್ಲಿ ಹುಟ್ಟಿದವರು. ಟಾಟಾ ಅಕಾಡೆಮಿಯಿಂದ 1993ರಲ್ಲಿ ಕೊಲ್ಕತ್ತಾದ ಈಸ್ಟ್ ಬೆಂಗಾಲ್, ಆಮೇಲೆ ಪಂಜಾಬಿನ ಜೆ.ಸಿ.ಟಿ., ಅಲ್ಲಿ 1996-97ರ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದರು, ಅಲ್ಲಿಂದ ಎಫ್.ಸಿ. ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. ನಡುವೆ ಭಾರತದ ನಾಯಕ. ಎಲ್ಲೂ ಹಾಜರಿ ಪುಸ್ತಕಕ್ಕೆ ಸಹಿ ಹಾಕಲಿಲ್ಲ. 2020ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಐವತ್ತು ತುಂಬಿರಲಿಲ್ಲ. ಬಾಸ್ಕೆಟ್‌ಬಾಲಿನಲ್ಲಿ ಅಂಥ ಬದುಕಿಗೆ ದೇಶದಲ್ಲಿ ದಾರಿಯೇ ಇರಲಿಲ್ಲ. ಕೇರಳದ ಗೀತು ಅನ್ನಾ ಜೋಸ್ ಕೂಡ ದಕ್ಷಿಣ ರೈಲ್ವೆಯವರೇ. 2006ರಲ್ಲಿ ಆಸ್ಟ್ರೇಲಿಯಾದ ರಿಂಗ್‌ವುಡ್ ತಂಡಕ್ಕೆ ಹೋಗಿ ಆಡಿದ್ದು ನಮಗೆಲ್ಲ ಹೊಸ ಸುದ್ದಿಯಾಗಿತ್ತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಊರಿಗಾಂನ ಆ ಸೆಂಟರಿಗೆ ಆಗ ನಲವತ್ತು ದಾಟಿತ್ತು. ಬೆಳಗ್ಗೆ ನಾನು ಹತ್ತುವ ಗಾಡಿಯಲ್ಲೇ ಅವನೂ ಬೆಂಗಳೂರಿಗೆ ಬರತೊಡಗಿದ, ಮೊದಲು ಸೆಕ್ಯೂರಿಟಿ ಕೆಲಸ, ಆಮೇಲೆ ಒಂದು ಅಪಾರ್ಟ್‌ಮೆಂಟಿನಲ್ಲಿ ಪಂಪು ನೋಡಿಕೊಳ್ಳುವುದು. ಅದರ ಮುಂಚೆ ಗಾಡಿಯಲ್ಲಿ ಇಸ್ಪೀಟಿಗೆ ಜಾಗ ಸಿಗುತ್ತಿತ್ತು, ಆಮೇಲೆ ನಿಲ್ಲಲೂ ಸಿಗಲಿಲ್ಲ. ಲೈನುಗಳ ಗಂಡಸರು ಹೆಂಗಸರು ಸಾವಿರಗಟ್ಟಲೆ ದಿನಾ ಹೋಗಿಬರುವುದು ಅಲ್ಲಿಂದ ವಾಡಿಕೆಯಾಯಿತು. ಅವನಿಗೆ ಎತ್ತರದಿಂದ ಒಂದು ಅನುಕೂಲ: ನಿಂತೇ ಮಲಗಲು ಮೇಲಿನ ಸರಳು ಕೈಗೆಟಕುತ್ತಿತ್ತು. "ಮಾರ್ಕ್ಸ್ ಕಾರ್ಡ್ ತಗೊಂಡು ಬಂದಿದ್ರೆ ಇವತ್ತು ನಾನೂ ಬ್ಯಾಂಕಲ್ಲಿರ್ತಿದ್ದೆ ಅಲ್ವಾ?" ಅಂತ ಅವನೇ ತಮಾಷೆ ಮಾಡುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ಈಗಿನ ಸ್ಥಿತಿ ಬೇರೆ. 2015ರಿಂದ 2017ರವರೆಗೆ ಯು.ಬಿ.ಎ. ಅಂತ ಎಂಟು ತಂಡಗಳ ಲೀಗ್ ನಡೆಯಿತು. ಬೆಂಗಳೂರಿನ ತಂಡಕ್ಕೆ ಬೆಂಗಳೂರು ಬೀಸ್ಟ್ ಅಂತ ಹೆಸರು. ನಾಲ್ಕು ಸೀಸನ್ನಿಗೆ ನಿಂತಿತು. ಅದೇ 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಎನ್‌ಬಿಎ ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲ ಭಾರತೀಯನಾದ, ಹುಡುಗರ ತಲೆ ತಿರುಗಿತು. 2017ರ ಜುಲೈನಲ್ಲಿ ಕಂಠೀರವ ಒಳಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ಪಿನ ಬಿ ವಿಭಾಗವನ್ನು ಭಾರತ ಗೆದ್ದಿತು, ಕಜಕಿಸ್ತಾನದ ಮೇಲೆ ಎರಡೇ ಪಾಯಿಂಟಿನ ಅಂತರದಲ್ಲಿ. ಆಮೇಲೆ ಐ.ಎನ್.ಬಿ.ಎಲ್. ಬಂತು, ಅದರಲ್ಲಿ ಬೆಂಗಳೂರು ಕಿಂಗ್ಸ್. ಇನ್ನೊಂದು ಕಡೆ ನೌಕರಿ ಕೊಡುತ್ತಿದ್ದ ಹೆಸರುಗಳು ಅಳಿಸಿಹೋದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ಕ್ಕೆ ವಿಲೀನ. ಬಾಸ್ಕೆಟ್‌ಬಾಲಿನಲ್ಲಿ ಕರ್ನಾಟಕಕ್ಕೆ ದೊಡ್ಡ ಆಸರೆಯಾಗಿದ್ದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾ ಆಯಿತು. ಆಟಗಾರರು ಅವರೇ, ಎದೆಯ ಮೇಲಿನ ಹೆಸರು ಬೇರೆ.

ನನ್ನ ಹುಡುಗರಲ್ಲಿ ಒಬ್ಬ, ಚಾಂಪಿಯನ್ ರೀಫ್ಸ್ ಲೈನಿನವನು, ಹೋದ ವರ್ಷ ಒಂದು ತಂಡದಿಂದ ಕರಾರು ತಂದು ತೋರಿಸಿದ. ಇಂಗ್ಲಿಷಿನಲ್ಲಿ ನಾಲ್ಕು ಪುಟ. ಮೂರು ತಿಂಗಳಿಗೆ ಅವರು ಕೊಡುವ ದುಡ್ಡು ನಾನು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದದ್ದಕ್ಕಿಂತ ಜಾಸ್ತಿ. ಅವನ ಅಮ್ಮ ಜೊತೆಗೆ ಬಂದಿದ್ದರು, ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸ, ದಿನಾ ಗಾಡಿಯಲ್ಲಿ ಓಡಾಡುವವರು. "ಸಾರ್, ಇದು ಪರ್ಮನೆಂಟಾ?" ಅಂದರು. ಇಲ್ಲಮ್ಮ, ಮೂರು ತಿಂಗಳು ಅಂದೆ. ಪುಟ ಪುಟವಾಗಿ ಓದಿದೆ. ಜಾಹೀರಾತಿಗೆ ಮುಖ ಕೊಡಬೇಕು ಅನ್ನುವುದಕ್ಕೆ ಒಂದು ಪ್ಯಾರಾ ಇತ್ತು, ಬೂಟು ಯಾವ ಕಂಪನಿಯದು ಹಾಕಬೇಕು ಅನ್ನುವುದಕ್ಕೆ ಇನ್ನೊಂದು. ಮೊಣಕಾಲು ಹೋದರೆ ಆಸ್ಪತ್ರೆ ಖರ್ಚು ಯಾರದು ಅನ್ನುವ ಸಾಲು ಹುಡುಕಿದೆ, ಸಿಗಲಿಲ್ಲ. ಅದನ್ನು ಬರೆಸಿಕೊಂಡು ಆಮೇಲೆ ಸಹಿ ಹಾಕಪ್ಪ ಅಂದೆ. ಅಲ್ಲೇ ನಿಂತು ಫೋನ್ ಮಾಡಿ ಕೇಳಿದ. ಖರ್ಚು ಕೊಡ್ತೀವಿ ಅಂದರಂತೆ, ಬರೆದುಕೊಡೋದಕ್ಕೆ ಮಾತ್ರ ಆಗಲ್ಲವಂತೆ.